ಬಡಗಣ ದಡದ ಲೆಕ್ಕ

ಎರಡನೇ ದಿನದ ೭.೦೦ ಅನ್ನು ವಿನುತಾ ೭.೫೦ ಮಾಡಿದಳು. ಮೂರನೆಯದನ್ನು ೮.೪೦ ಮಾಡಹೊರಟಾಗ ಏಳು ಎಂಟಾಗಲು ಒಪ್ಪದೆ ಹಾಳೆಯೇ ತೂತಾಯಿತು.

ಅವಳ ಫೀಲ್ಡ್ ಪುಸ್ತಕದಲ್ಲಿ ಒಂಬತ್ತು ದಿನವೂ ಸಮುದ್ರ ಬೆಳಗಿನ ಏಳಕ್ಕೇ ಇಳಿದಿತ್ತು. ಕರಾವಳಿ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದವಳು, ಇಳಿತ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಆದರೆ ಆ ಒಂಬತ್ತು ದಿನ ಅವಳಿದ್ದದ್ದು ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಲ್ಲ, ಕೊಡ್ಲಿಪೇಟೆಯ ಈ ಮನೆಯಲ್ಲಿ, ಅಕ್ಕನ ನಿಶ್ಚಿತಾರ್ಥದ ಓಡಾಟದಲ್ಲಿ. ಇಲ್ಲೇ ಕುಳಿತು ಕಪ್ಪೆಚಿಪ್ಪುಗಳ ಲೆಕ್ಕ ಬರೆದಿದ್ದಳು: ನಲವತ್ತೊಂದು, ಮೂವತ್ತೆಂಟು, ನಲವತ್ತು. ಗುಡ್ಡದಲ್ಲಿ ಬೆಳೆದವಳ ಕೈ ಸಮುದ್ರಕ್ಕೂ ದಿನಾ ಏಳಕ್ಕೇ ಹೊರಡುವ ಸೋಮವಾರಪೇಟೆ ಬಸ್ಸಿನ ಟೈಮೇ ಹಾಕಿತ್ತು.

“ವಿನುತಾ, ಕುಶಾಲನಗರದ ಹುಡ್ಗ ಬಂದವ್ನೆ ಕಣವ್ವ,” ಅಂಗಳದಲ್ಲಿ ಕಾಫಿ ಹರವುತ್ತಿದ್ದ ತಾಯಿ ಸರ್ವಮಂಗಳ ಕೂಗಿದರು. “ಅದೇ, ನಿನ್ ಜೊತೆ ಕೆಸ್ರು ತುಳಿಯೋನು.”

ಸಹಪಾಠಿ ಸುದೀಪ್ ಚಪ್ಪಲಿ ಬಿಟ್ಟು ಒಳಬಂದ. ಅಳಿವೆಯ ತೆಂಕಣ ದಡ ಅವನದು, ಬಡಗಣ ದಡ ಅವಳದು. ವಿನುತಾ ಪುಸ್ತಕ ಮುಚ್ಚಿದಳು.

“ಗೈಡ್ ಸರ್ ಬೈದ್ರು ಕಣೆ,” ಎಂದು ನಕ್ಕ. “ನನ್ ಕಡೆ ಚಿಪ್ಪು ನಲವತ್ತಿದ್ದದ್ದು ಆರಕ್ಕೆ ಬಂತು. ನಿನ್ ಕಡೆ ಹಂಗೇ ಅವೆ. ‘ಎಣಿಸೋಕೂ ಬರಲ್ವೇನಯ್ಯ, ವಿನುತಾನ್ನ ನೋಡಿ ಕಲಿ’ ಅಂದ್ರು.”

“ನೀನೇನಂದೆ?”

“ಏನನ್ಲಿ? ನಿದ್ದೆಗಣ್ಣಲ್ಲಿ ಎಣಿಸಿದ್ನೇನೋ. ಹೊಡೆದಾಕ್ಬಿಟ್ಟೆ.”

ಅವನು ತನ್ನ ಪುಸ್ತಕ ತೆರೆದು ತೋರಿಸಿದ. ಕೆಸರಿನ ಬೆರಳಚ್ಚುಗಳ ನಡುವೆ ಪ್ರತಿ ಸಂಖ್ಯೆಯ ಮೇಲೂ ಕೆಂಪು ಗೀಟು. ಹನ್ನೊಂದು, ಒಂಬತ್ತು, ಆರು. ಬದುಕಿ ಉಳಿದವನ್ನು ಬಗ್ಗಿ ಬಗ್ಗಿ ಎಣಿಸಿ, ಅವಳನ್ನು ನಂಬಿ ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡಿದ್ದ. ಅಳಿವೆಯಲ್ಲಿ ಚಿಪ್ಪುಗಳು ಸಾಯುತ್ತಿವೆ ಎಂದು ಹೇಳಬೇಕಿದ್ದ ಒಂದೇ ಪುಟ ಅದು.

“ಬಿಡು, ಒಳ್ಳೇದೇ ಆಯ್ತು,” ಸುದೀಪ್ ಚೀಲದಿಂದ ಪ್ರಿಂಟ್ ತೆಗೆದ. “ಪೇಪರಿಗೆ ನಿನ್ ಲೆಕ್ಕಾನೇ ಹಾಕಿದೀನಿ. ನಿನ್ ಹೆಸರು ಮೊದ್ಲು, ನಂದು ಆಮೇಲೆ. ಸರ್‌ಗೂ ಹೇಳಾಯ್ತು. ಇಲ್ಲೊಂದು ಸೈನ್ ಮಾಡು.”

“ಮಾಡಲ್ಲ.”

“ಯಾಕೆ, ನಾಚ್ಕೆನಾ? ಮಾಡೇ.”

“ಮಾಡಲ್ಲ ಸುದೀಪ್. ನಾನು ದಡಕ್ಕೆ ಹೋಗೇ ಇರ್ಲಿಲ್ಲ. ನನ್ ಹೆಸರು ತೆಗಿ.”