ಒತ್ತಕ್ಕನ ಮಹಾಪ್ರಾಣ

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಒತ್ತಕ್ಕ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವ ಮೇಜಿಗೆ ಬಂದು ಇಪ್ಪತ್ತೆರಡು ವರ್ಷ. ಬರೆದವರು ದಾರಿಯಲ್ಲಿ ಉದುರಿಸಿಕೊಂಡು ಹೋದ ಒತ್ತಕ್ಷರಗಳನ್ನೂ, ನುಂಗಿ ನೀರು ಕುಡಿದ ಮಹಾಪ್ರಾಣಗಳನ್ನೂ ಹೆಕ್ಕಿ ತಂದು ಸ್ವಸ್ಥಾನದಲ್ಲಿ ಕೂರಿಸುವುದೇ ಅವಳ ಕಸುಬು. ಒಮ್ಮೆ ಮದುವೆ ಕಾರ್ಡಿನ ಕರಡಿನಲ್ಲಿ ‘ವದು’ ಎಂದಿತ್ತು. ಇವಳು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಧುವಿನ ಹೊಟ್ಟೆ ಸೀಳಿ’ ಎಂದು ಬರೆದಳು. ದಕಾರದ ಹೊಟ್ಟೆಯಡಿ ಒಂದು ಗೀರು ಎಳೆದರೆ ಧಕಾರ, ಅಷ್ಟೇ ಅರ್ಥ. ಕರಡು ನೋಡಲು ಬಂದ ಹುಡುಗಿಯ ಅಪ್ಪನಿಗೆ ಮಾತ್ರ ಕುರ್ಚಿ ಹಾಕಿ ನೀರು ಕೊಡಬೇಕಾಯಿತು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದ. ವಯಸ್ಸು ಮೂವತ್ತು. ಬಲತೋಳಿನ ತುಂಬ ಚಿತ್ರ: ಲಂಗರು, ಗೂಬೆ, ದಿಕ್ಸೂಚಿ, ಎಲ್ಲಿಂದ ಎಲ್ಲಿಗೆ ಹೋಗುತ್ತಿದೆಯೋ ತಿಳಿಯದ ಒಂದು ಬಳ್ಳಿ. ಬಂದವನೇ ತಪ್ಪು ಹುಡುಕುವ ಸಾಫ್ಟ್‌ವೇರ್ ತರಿಸಿದ. ಅದಕ್ಕೆ ಸಿಗದ ತಪ್ಪುಗಳ ಗತಿ ಏನೆಂದು ಕೇಳಿದರೆ, “ಅರ್ಥ ಆಗುತ್ತಲ್ಲ, ಸಾಕು ಬಿಡಿ” ಎಂದ. ಆಮೇಲೆ ಒಂದು ದಿನ ಒತ್ತಕ್ಕನನ್ನು ಕರೆದು, “ಕರಡು ವಿಭಾಗ ಬೇಕೋ ಬೇಡ್ವೋ ಅಂತ ಇಪ್ಪತ್ತನೇ ತಾರೀಖು ಕೂತು ಮಾತಾಡೋಣ ಮೇಡಂ. ನಮಗೆ ಯಂಗ್ ಆಗಿ ಯೋಚ್ನೆ ಮಾಡೋರು ಬೇಕು” ಎಂದ.

ಮನೆಗೆ ಸಂಬಳ ತರುವ ಕೈ ಅವಳದೊಂದೇ. ಯಂಗ್ ಆಗಿ ಯೋಚಿಸುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ. ಯಂಗ್ ಆಗಿ ಕಾಣುವುದು ಹೇಗೆಂಬುದು ಮ್ಯಾನೇಜರನ ತೋಳಿನ ಮೇಲೆಯೇ ಸಚಿತ್ರವಾಗಿತ್ತು.

“ನಾನು ಟ್ಯಾಟೂ ಹಾಕಿಸ್ಕೊಳ್ತೀನಿ” ಎಂದಳು ಮನೆಯಲ್ಲಿ.

ಕಾಲೇಜಿಗೆ ಹೋಗುವ ಮಗಳು ತಟ್ಟೆಯಿಂದ ತಲೆ ಎತ್ತಿದಳು. “ನಾನು ಕೇಳ್ದಾಗ ಕೈ ಮುರೀತೀನಿ ಅಂದಿದ್ದೆ.”

“ನಿಂದು ಶೋಕಿ ಕಣೇ. ನಂದು ನೌಕರಿ.”

ಹಚ್ಚೆಯ ಅಂಗಡಿಯಾಕೆ ಕನ್ನಡಕ ಹಣೆಗೇರಿಸಿಕೊಂಡ ಶಾಂತ ಹೆಂಗಸು. ಒತ್ತಕ್ಕ ಆರಿಸಿದ ಪದ ‘ಧೈರ್ಯ’. ಮುಂಗೈಗೆ ಅಂಟಿಸಬೇಕಾದ ಮಾದರಿಯನ್ನು ಬೆಳಕಿಗೆ ಹಿಡಿದು ಅವಳು ನಾಲ್ಕು ಸಲ ಓದಿದಳು. ಮಹಾಪ್ರಾಣದ ಗೀರು ಚಿಕ್ಕದಾಯಿತೆಂದು ಎರಡು ಸಲ ತಿದ್ದಿಸಿದಳು.

“ಎಲ್ರೂ ನೋವಾಗುತ್ತಾ ಅಂತ ಕೇಳ್ತಾರೆ ಮೇಡಂ. ನೀವೊಬ್ರೇ ಮಹಾಪ್ರಾಣ ಕೇಳಿದ್ದು.”

ನೋವಾಗುತ್ತದೆ ಎಂಬುದು ಮೊದಲ ಗೆರೆಗೇ ಗೊತ್ತಾಯಿತು. ಇಂಜೆಕ್ಷನ್ನಿನ ಹಾಗೆ ಚುಚ್ಚಿ ಹೋಗುವ ಮರ್ಯಾದಸ್ಥ ನೋವಲ್ಲ. ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಯಾರೋ ಬಿಡುವಾಗಿ ಕೂತು ಉಗುರಲ್ಲಿ ಬರೆಯುತ್ತಿದ್ದ ಹಾಗೆ. ಐಕಾರ ಮುಗಿಯುವಷ್ಟರಲ್ಲಿ ಅವಳು ಕುರ್ಚಿಯ ಹಿಡಿಯನ್ನು ಹಿಂಡಿಬಿಟ್ಟಿದ್ದಳು.

“ಅಯ್ಯೋ, ಪ್ರಾಣ ಹೋಗ್ತಿದೆ ಕಣ್ರೀ!”

“ಯಾವ್ದು ಮೇಡಂ, ಅಲ್ಪಾನಾ ಮಹಾನಾ?”

ಮುಗಿದ ಮೇಲೆ ಆಕೆ ಒಂದು ಅಚ್ಚಾದ ಹಾಳೆ ಕೊಟ್ಟಳು. ಗಾಯ ಮಾಯುವ ತನಕ ಪಾಲಿಸಬೇಕಾದದ್ದೆಲ್ಲ ಅದರಲ್ಲಿತ್ತು. ಒತ್ತಕ್ಕ ಅದನ್ನು ಅಲ್ಲೇ ಕೂತು ತದೇಕಚಿತ್ತದಿಂದ ಓದಿ, ಹನ್ನೊಂದು ತಪ್ಪು ತಿದ್ದಿ, ಇನ್ನು ಮುಂದೆ ಹೀಗೆ ಅಚ್ಚು ಹಾಕಿಸಿ ಎಂದು ವಾಪಸ್ಸು ಕೊಟ್ಟು ಮನೆಗೆ ಬಂದಳು.

“ಹಾಳೇಲಿ ಏನು ಬರ್ದಿತ್ತಮ್ಮ?” ಎಂದು ಮಗಳು ಕೇಳಿದಳು.

“ಮುಲಾಮಿಗೆ ‘ಮೂಲಾಮು’ ಅಂತ ಬರ್ದಿದ್ರು, ಕರ್ಮ.”

“ಅದಲ್ಲ. ಏನು ಮಾಡ್ಬೇಕಂತೆ?”

ಒತ್ತಕ್ಕ ಯೋಚಿಸಿದಳು. ಹನ್ನೊಂದು ತಪ್ಪೂ ಸಾಲು ಸಮೇತ ನೆನಪಿದ್ದವು. ಮಾಡಬೇಕಾದದ್ದು ಒಂದೂ ನೆನಪಿರಲಿಲ್ಲ.

ಮಗಳೇ ಅಂಗಡಿಗೆ ಫೋನು ಮಾಡಿದಳು. ಅಂದಿನಿಂದ ಮನೆಯಲ್ಲಿ ಅವಳದೇ ದರ್ಬಾರು. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಸೋಪು. ಬಟ್ಟೆಯಿಂದ ಮೆಲ್ಲಗೆ ಒತ್ತಬೇಕು, ಉಜ್ಜಕೂಡದು. “ಮುಲಾಮು ತೆಳ್ಳಗೆ ಅಂದ್ನಲ್ಲಾ, ಗೋಡೆಗೆ ಸುಣ್ಣ ಬಳೀತಿದೀಯಾ? ಬಿಸಿಲಿಗೆ ಹೋಗ್ಬೇಡ. ಹಕ್ಕಳೆ ಕಟ್ಟುತ್ತೆ, ತಾನಾಗೇ ಉದುರ್ಲಿ. ಕೆರೆದ್ಯೋ, ಬಣ್ಣಾನೂ ಕಿತ್ಕೊಂಡು ಬರುತ್ತೆ.” ತಾನು ಹದಿನೆಂಟು ವರ್ಷ ಬಳಸಿದ ದನಿಯೇ ತನ್ನತ್ತ ತಿರುಗಿ ಬರುವುದನ್ನು ಒತ್ತಕ್ಕ ತೆಪ್ಪಗೆ ಕೇಳಿಸಿಕೊಂಡಳು.

ಆರನೆಯ ದಿನ ತುರಿಕೆ ಶುರುವಾಯಿತು. ಅದೆಂಥ ತುರಿಕೆ! ಮಗಳು ಹೇಳಿದಂತೆ ಮೇಲಿಂದ ತಟ್ಟಿದಳು, ಊದಿದಳು, ಕೈಯನ್ನು ತೊಡೆಯಡಿ ಇಟ್ಟು ಕೂತಳು. ಎಂಟನೆಯ ದಿನ ಆಫೀಸಿನಲ್ಲಿ ಒಂದು ಭಾಷಣದ ಕರಡು ಬಂತು. ಮೊದಲ ಪುಟದಲ್ಲೇ ‘ಅಭಿವೃದ್ದಿ’ ಒಂಬತ್ತು ಕಡೆ, ಒಂಬತ್ತರಲ್ಲೂ ಮಹಾಪ್ರಾಣ ನಾಪತ್ತೆ. ಬಲಗೈ ಒಂಬತ್ತನೆಯದನ್ನು ತಿದ್ದಿ ಪೆನ್ನು ಇಟ್ಟು, ಯಜಮಾನಿಯನ್ನು ಕೇಳದೆಯೇ ಎಡಗೈಯನ್ನು ಕೆರೆಯಿತು.

ಒಂದು ಹಕ್ಕಳೆ ಕರಡಿನ ಮೇಲೆ ಬಿತ್ತು. ಅಕ್ಕಿಯ ಮುರುಕಿನಷ್ಟಿತ್ತು. ಅದರ ಜೊತೆ ಗೀರೂ ಹೋಗಿತ್ತು. ಮುಂಗೈ ಮೇಲೆ ಸ್ಪಷ್ಟವಾಗಿ ‘ದೈರ್ಯ’ ಎಂದಿತ್ತು.

ಫೋನಿನಲ್ಲಿ ಅಂಗಡಿಯಾಕೆ, “ಪೂರ್ತಿ ಮಾಯೋವರೆಗೂ ಸೂಜಿ ಮುಟ್ಟಿಸಲ್ಲ ಮೇಡಂ. ಮುಂದಿನ ತಿಂಗಳು ಬನ್ನಿ” ಎಂದಳು.

ಇಪ್ಪತ್ತನೇ ತಾರೀಖು ಮುಂದಿನ ತಿಂಗಳಿಗಾಗಿ ಕಾಯಲಿಲ್ಲ.

“ಓಹೋ!” ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದ. “ಮೇಡಂ, ನೀವಾ! ಧೈರ್ಯ! ಸೂಪರ್. ನೋಡಿ, ಇಂಥವ್ರೇ ಬೇಕು ನಮಗೆ.”

ಅವನಿಗೆ ತಪ್ಪು ಕಂಡೇ ಇರಲಿಲ್ಲ. ಒತ್ತಕ್ಕ ಬಾಯಿ ಬಿಗಿ ಹಿಡಿದಳು. ಮಗಳಿಗೆ ಮಾತು ಕೊಟ್ಟು ಬಂದಿದ್ದಳು: ಇವತ್ತೊಂದು ದಿನ ಯಾರದೂ, ಏನೂ ತಿದ್ದುವುದಿಲ್ಲ.

“ನಂದೂ ಅಕ್ಷರದ್ದು ಒಂದಿದೆ. ಯಾರಿಗೂ ತೋರ್ಸಲ್ಲ” ಎಂದು ಅವನು ಎಡತೋಳಿನ ಅಂಗಿ ಮೇಲಕ್ಕೆ ಮಡಿಚಿದ. “ಅಮ್ಮ ತೀರ್ಕೊಂಡಾಗ ಹಾಕ್ಸಿದ್ದು. ಆರು ವರ್ಷ ಆಯ್ತು. ಚೆನ್ನಾಗಿದೆ ಅಲ್ವಾ?”

‘ಅಮ್ಮನ ಆಶಿರ್ವಾದ’ ಎಂದಿತ್ತು.

ಚೆನ್ನಾಗಿದೆ ಸಾರ್ ಎಂದರೆ ಮುಗಿಯಿತು, ನೌಕರಿ ಉಳಿಯುತ್ತದೆ. ಒತ್ತಕ್ಕ ‘ಚೆ’ ಎಂದಳು. ಮುಂದಿನ ಅಕ್ಷರ ಬರಲಿಲ್ಲ. ಇಪ್ಪತ್ತೆರಡು ವರ್ಷದ ಕಸುಬು ಅಡ್ಡ ನಿಂತಿತು.

“ಸಾರ್… ‘ಶೀ’ ದೀರ್ಘ.”

ಅವನು ತೋಳನ್ನೇ ನೋಡಿದ. ಹೊರಗೆ ಯಂತ್ರ ಎರಡು ಸಾವಿರ ಕರಪತ್ರ ಉಗುಳುವಷ್ಟು ಹೊತ್ತು ನೋಡಿದ.

“ಆರು ವರ್ಷದಿಂದ ಒಬ್ರೂ ಹೇಳ್ಲಿಲ್ವಲ್ರೀ!”

“ಅರ್ಥ ಆಗ್ತಿತ್ತಲ್ಲ ಸಾರ್. ಅದಕ್ಕೇ.”

ಹೇಳಿದ ಮೇಲೆ ಒತ್ತಕ್ಕ, ಹೋಯಿತು ನೌಕರಿ ಎಂದುಕೊಂಡು ಬ್ಯಾಗಿಗೆ ಕೈ ಹಾಕಿದಳು.

ಮ್ಯಾನೇಜರ್ ಎದ್ದುಹೋಗಿ ಬಾಗಿಲು ಹಾಕಿ ಬಂದ. ಸಾಫ್ಟ್‌ವೇರಿನ ಪರದೆಯಲ್ಲಿ ‘ಆಶಿರ್ವಾದ’ ಎಂದು ಒಂದೊಂದೇ ಅಕ್ಷರ ಕುಟ್ಟಿದ. ಅದು ಹಸಿರು ಟಿಕ್ ಹಾಕಿತು. ಅವನು ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟ.

“ಸೋಮವಾರದಿಂದ ಎಲ್ಲ ಕರಡೂ ಮೊದ್ಲು ನಿಮ್ಮ ಮೇಜಿಗೇ ಬರ್ಲಿ” ಎಂದ. ಆಮೇಲೆ ದನಿ ತಗ್ಗಿಸಿ, ತೋಳನ್ನು ಅವಳ ಮುಂದೆ ಚಾಚಿದ. “ಒಂದು ದೀರ್ಘ ತೂರಿಸೋಕೆ ಜಾಗ ಇದೆಯಾ ನೋಡಿ.”

ಒತ್ತಕ್ಕ ಬಗ್ಗಿ ನೋಡಿದಳು. “ಇದೆ ಸಾರ್.”

“ತುಂಬ ನೋವಾಗುತ್ತಾ?”

“ಹ್ರಸ್ವಕ್ಕಿಂತ ಸ್ವಲ್ಪ ಜಾಸ್ತಿ.”