ಪುಷ್ಪಲತಾ ತಂದ ತಾಳಿ

ಕಡಬದ ಪ್ರೌಢಶಾಲೆಯ ಸಿದ್ದಗಂಗಯ್ಯ ಮೇಷ್ಟ್ರು ಮೇಜಿನ ಮೇಲೆ ಒರೆಗಲ್ಲನ್ನಿಟ್ಟು, ಪೂರ್ವಿಕರು ಚಿನ್ನವನ್ನು ಪರೀಕ್ಷಿಸುತ್ತಿದ್ದ ಬಗೆಯನ್ನು ವಿವರಿಸಿದರು. ಕಲ್ಲಿಗೆ ಉಜ್ಜಿದ ಚಿನ್ನದ ಗೆರೆ ಆಸಿಡ್ ತಾಗಿದರೂ ಅಳಿಯದು, ಹಿತ್ತಾಳೆಯದು ಅಳಿದುಹೋಗುತ್ತದೆ ಎಂದರು.

ಪುಷ್ಪಲತಾ ಕರವಸ್ತ್ರದ ಗಂಟು ಬಿಚ್ಚಿದಳು. “ಇದ್ರಲ್ಲಿ ತೋರ್ಸಿ ಸಾರ್. ನಮ್ಮವ್ವನ ತಾಳಿ. ಹೋದ ತಿಂಗ್ಳು ಮಣ್ಣು ಮಾಡೋವಾಗ ಬಿಚ್ಚಿದ್ದು.”

“ಸಾವ್ಕಾರ್ತಿ ಕಣ್ಲಾ ಇವ್ಳು!” ಎಂದು ಹಿಂದಿನ ಬೆಂಚು ನಕ್ಕಿತು.

ಮೇಷ್ಟ್ರು ತಾಳಿಯನ್ನು ಕಣ್ಣಿಗೊತ್ತಿಕೊಂಡು ಕಲ್ಲಿಗೆ ಉಜ್ಜಿದರು. ಆಸಿಡ್ಡಿನ ಹನಿ ಬಿದ್ದೊಡನೆ ಹೊಂಬಣ್ಣದ ಗೆರೆ ಹಸಿರಾಗಿ ನೊರೆಯೆದ್ದು ಮಾಯವಾಯಿತು.

“ಆಸಿಡ್ಡೇ ಸರಿಯಿಲ್ಲ ಕಣಮ್ಮ,” ಎಂದರು ಮೇಷ್ಟ್ರು. ತರಗತಿಯಲ್ಲಿ ಅವರಾಡಿದ ಮೊದಲ ಸುಳ್ಳು ಅದು.

“ಹಂಗಾದ್ರೆ ನಿಮ್ಮುಂಗ್ರ ಉಜ್ಜಿ ಸಾರ್.”

ಒಲ್ಲೆನೆನ್ನಲಾಗದೆ ಉಜ್ಜಿದರು. ಆ ಗೆರೆ ಆಸಿಡ್ಡಿನಡಿಯಲ್ಲೂ ಹೊಳೆಯುತ್ತಲೇ ಉಳಿಯಿತು.

ಪುಷ್ಪಲತಾ ಬಹಳ ಹೊತ್ತು ಅದನ್ನೇ ನೋಡಿದಳು. “ಅಪ್ಪ ಮದ್ವೇಲಿ ಕಟ್ಟಿದ್ದು ಈ ತಾಳಿನೇ. ಅವ್ವಂಗೆ ಗೊತ್ತಿತ್ತಾ ಸಾರ್?”

ಮೇಷ್ಟ್ರು ತಾಳಿಯನ್ನು ಮತ್ತೊಮ್ಮೆ ಕಣ್ಣಿಗೊತ್ತಿಕೊಂಡು ಅವಳ ಕರವಸ್ತ್ರದಲ್ಲಿಟ್ಟು ಗಂಟು ಹಾಕಿದರು.