ಅಪ್ಪಿ ಎಳೆದ ಟವೆಲ್

ನಾವುಂದ ಊರಿನ ಹೆಂಗಸರ ಹಗ್ಗಜಗ್ಗಾಟ ತಂಡದಲ್ಲಿ ಅಪ್ಪಿಯ ಜಾಗ ಯಾವಾಗಲೂ ಕೊನೆಯದು. ಹಗ್ಗದ ತುದಿ ಹಿಡಿದು ಅವಳು ಹಿಮ್ಮಡಿ ಊರಿದಳೆಂದರೆ ಎದುರಿನವರ ಮುಖ ಬಾಡುತ್ತಿತ್ತು. ಅಂಥವಳು ಈ ಮಳೆಗಾಲದಲ್ಲಿ ಗದ್ದೆಯಲ್ಲಿ ಭತ್ತದ ನೆಟ್ಟಿ ಮುಗಿಸಿ ಬಂದವಳೇ ಇಲಿಜ್ವರದಲ್ಲಿ ಮಲಗಿದಳು. ಕುಂದಾಪುರದ ಆಸ್ಪತ್ರೆಯ ಐಸಿಯುನಲ್ಲಿ ಹನ್ನೆರಡು ದಿನ ಯಂತ್ರವೇ ಅವಳ ಪರವಾಗಿ ಉಸಿರಾಡಿತು.

ಎಚ್ಚರವಾದಾಗ ಮೂಗು ತುರಿಸುತ್ತಿತ್ತು. ಕೈ ಎತ್ತಲು ಹೋದರೆ ಅದು ಬೇರೆ ಯಾರದೋ ಎಂಬಂತೆ ಸುಮ್ಮನೆ ಬಿದ್ದುಕೊಂಡಿತ್ತು. ಕಾಲೂ ಹಾಗೆಯೇ. ಕಣ್ಣೀರು ಬಂತು, ಒರೆಸಿಕೊಳ್ಳಲೂ ಆಗಲಿಲ್ಲ.

“ಲಕ್ವ ಅಲ್ಲ, ಹೆದರ್ಬೇಡಿ,” ಎಂದರು ಡಾಕ್ಟರ್ ರವಿಚಂದ್ರ. “ಸೀಕ್ ಇಷ್ಟ್ ಜೋರಾದ್ರೆ ನರ, ಸ್ನಾಯು ಎರಡೂ ಸೋತ್ ಹೋತ್. ಶಕ್ತಿ ವಾಪಸ್ ಬತ್ತ್, ತಿಂಗ್ಳ್‌ಗಟ್ಲೆ ಬೇಕ್.”

ವಾರ್ಡಿಗೆ ಬಂದ ಮೇಲೆ ಫಿಸಿಯೋಥೆರಪಿಸ್ಟ್ ವಿಜೇತಾ ಮತ್ತು ಇಬ್ಬರು ನರ್ಸುಗಳು ಸೇರಿ ಅವಳನ್ನು ಮೊದಲ ಸಲ ನಿಲ್ಲಿಸಿದರು. ನೆಲ ದೋಣಿಯ ಹಾಗೆ ತೂಗಿತು, ಮೊಣಕಾಲು ಜೆಲ್ಲಿಯಂತೆ ನಡುಗಿತು. ಆ ನಡುಕ ಕಂಡು ಅಪ್ಪಿಗೆ ಎಲ್ಲಿಂದಲೋ ನಗು ಉಕ್ಕಿತು. ನಕ್ಕದ್ದೇ ತಡ ಇದ್ದಬದ್ದ ಬಲವೂ ಸೋರಿ, ನಾಲ್ವರೂ ಧೊಪ್ಪೆಂದು ಮಂಚದ ಮೇಲೆ ಕುಳಿತರು.

“ನಗಾಡ್ಬೇಡಿ ಅಕ್ಕ, ನಗುಕೂ ಶಕ್ತಿ ಬೇಕ್,” ಎನ್ನುತ್ತಾ ವಿಜೇತಾ ತಾನೇ ನಗುತ್ತಿದ್ದಳು.

ಮರುದಿನದಿಂದ ಟವೆಲ್ ಎಳೆಯುವ ವ್ಯಾಯಾಮ. ಇನ್ನೊಂದು ತುದಿ ಗಂಡ ಸೋಮನ ಕೈಯಲ್ಲಿ. ಅವಳ ಬೆರಳು ಅಲುಗುವಷ್ಟರಲ್ಲೇ ಅವನು “ಅಯ್ಯೋ, ಸೋತೆ” ಎಂದು ಮುಂದಕ್ಕೆ ವಾಲುತ್ತಿದ್ದ.

“ಸುಳ್ಳ್ ಸೋಲ್ಬೇಡಿ,” ಎಂದಳು ಅಪ್ಪಿ ಸಿಟ್ಟಿನಿಂದ. “ನಂಗ್ ಗೊತ್ತಾತಿಲ್ಯಾ?”

ಅಂದಿನಿಂದ ಸೋಮ ಬಿಗಿಯಾಗಿಯೇ ಹಿಡಿದ. ಒಂಬತ್ತು ದಿನ ಅವಳು ಸೋತಳು. ಹತ್ತನೆಯ ದಿನ ಅವನು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕುಳಿತು, ಒಂದು ಕೈಯಲ್ಲಿ ಟವೆಲ್ ಹಿಡಿದು, ಪಕ್ಕದ ಮಂಚದವರಿಗೆ ಬಂಗುಡೆ ಮೀನಿನ ರೇಟು ಹೇಳುತ್ತಿದ್ದ. ಅಪ್ಪಿ ಹಲ್ಲು ಕಚ್ಚಿ ಎಳೆದಳು. ಕುರ್ಚಿ ಮಗುಚಿತು, ಸೋಮ ನೆಲದಲ್ಲಿದ್ದ.

ವಾರ್ಡಿನವರೆಲ್ಲ ತಿರುಗಿ ನೋಡಿದರು.

“ಪೆಟ್ಟಾಯ್ತಾ?” ಅಪ್ಪಿ ಮೆಲ್ಲಗೆ ಕೇಳಿದಳು.

“ಇಲ್ಲ,” ಎಂದ ಸೋಮ ಸೊಂಟ ತಿಕ್ಕುತ್ತಾ. “ಇದ್ ಸುಳ್ಳ್ ಸೋತದ್ದಲ್ಲ, ಮಾರಾಯ್ತಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮಂಚದ ಅಜ್ಜಿ ನಕ್ಕರು, ಊಟದ ತಳ್ಳುಗಾಡಿ ತಂದವಳು ನಕ್ಕಳು, ನಗುವಿನ ಭರದಲ್ಲಿ ವಿಜೇತಾಳಿಗೆ ಫೈಲಿನಲ್ಲಿ ಬರೆಯಲು ಪೆನ್ನೇ ಕೈಯಲ್ಲಿ ನಿಲ್ಲಲಿಲ್ಲ.

ಮುಂದಿನ ವಾರ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಾಗ ಬಿಡುಗಡೆಯಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಅಪ್ಪಿ ಯಾರ ಕೈಯನ್ನೂ ಮುಟ್ಟದೆ, ವಾಕರ್ ಬಿಟ್ಟು, ರಿಕ್ಷಾದ ಸರಳು ಹಿಡಿದು ತಾನೇ ಹತ್ತಿದಳು. ಅಷ್ಟಕ್ಕೇ ಐದು ನಿಮಿಷ ಹಿಡಿಯಿತು. ರಿಕ್ಷಾದವನು ಇಂಜಿನ್ ಆರಿಸಿ, ಹಿಂದಿನ ಹಾರ್ನುಗಳಿಗೆಲ್ಲ ಕಿವುಡಾಗಿ ಕಾದ.